ಗೆರೆಯ ಕೆಳಗಿನದು

ಫೆಬ್ರವರಿ 6

ಅಕ್ಕ,

ನಮ್ಮ ನಗರಸಭೆಯವರಿಗೆ ಈಗ ನನ್ನ ಎಂಜಲು ಬೇಕಂತೆ. ತಮಾಷೆಯಲ್ಲ. ಜನರ ಮನೆಯೊಳಗೆ ಹೋಗಿ ಕೆಲಸ ಮಾಡುವವರೆಲ್ಲ, ಅಂದರೆ ನಲ್ಲಿಯವರು, ಕರೆಂಟಿನವರು, ಬಣ್ಣದವರು, ನನ್ನಂಥ ಗಾಜಿನವರು, ಕೆನ್ನೆಯ ಒಳಗೆ ಹತ್ತಿಕಡ್ಡಿ ಆಡಿಸಿಕೊಂಡು ಬರಬೇಕು. ಅದು ಪೊಲೀಸರ ಡಿಎನ್‌ಎ ಭಂಡಾರಕ್ಕೆ ಸೇರುತ್ತದೆ. ಎಲ್ಲಾದರೂ ಕಳ್ಳತನವಾದರೆ ಅಲ್ಲಿ ಸಿಕ್ಕಿದ್ದನ್ನು ಭಂಡಾರದ ಜೊತೆ ಹೊಂದಿಸಿ ನೋಡುತ್ತಾರೆ. ಕೊಟ್ಟವನಿಗೆ ಎದೆಗೆ ಸಿಕ್ಕಿಸಿಕೊಳ್ಳಲು ಹಸಿರು ಕಾರ್ಡು. ಬಲವಂತವೇನಿಲ್ಲ ಅನ್ನುತ್ತಾರೆ, ಆದರೆ ಕಾರ್ಡಿಲ್ಲದವನನ್ನು ಯಾರು ಒಳಗೆ ಬಿಟ್ಟಾರು?

ನನ್ನ ಕೆಳಗಿನ ಮಹಡಿಯಲ್ಲಿ ಪಟಗಳಿಗೆ ಕಟ್ಟು ಹಾಕುವವನಿದ್ದಾನಲ್ಲ, ನನ್ನ ಗಾಜಿನ ಖಾಯಂ ಗಿರಾಕಿ, ಅವನು ಮೊದಲ ದಿನವೇ ಹೋಗಿ ಬಾಯಿ ತೆರೆದು ಬಂದ. ಕಾರ್ಡನ್ನು ಮದುವೆ ಫೋಟೋದ ಪಕ್ಕ ನೇತುಹಾಕಿದ್ದಾನೆ. ನನಗೆ ಮಾತ್ರ ಮನಸ್ಸಾಗುತ್ತಿಲ್ಲ. ನಿನ್ನದೇ ಕಸುಬಲ್ಲವೇ, ಕೊಡಲೋ ಬೇಡವೋ ಹೇಳು.

ಫೋನ್ ಮಾಡಬಹುದಿತ್ತು. ಫೋನಿನಲ್ಲಿ ನೀನು ಯಾವಾಗಲೂ ಗೆಲ್ಲುತ್ತೀಯ. ಕಾಗದದಲ್ಲಾದರೆ ನನ್ನ ಮಾತು ಮುಗಿಯುವ ತನಕ ನೀನು ಬಾಯಿ ಹಾಕಲಾರೆ.

ಕಡ್ಡಿ


ಫೆಬ್ರವರಿ 15

ಪ್ರೀತಿಯ ಕಡ್ಡಿ,

ಕೊಡು. ಇದರಲ್ಲಿ ಯೋಚಿಸುವುದೇನಿದೆ? ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಳ್ಳುವವನ ಹಾಗೆ ಆಡಬೇಡ. ತಪ್ಪು ಮಾಡದವನಿಗೆ ಹತ್ತಿಕಡ್ಡಿಯ ಭಯ ಏಕೆ?

ನಮ್ಮ ಲ್ಯಾಬಿಗೆ ಸೇರಿದ ಮೊದಲ ದಿನವೇ ನಮ್ಮೆಲ್ಲರ ಕೆನ್ನೆಯಿಂದಲೂ ತೆಗೆದುಕೊಂಡರು, ಕಸ ಗುಡಿಸುವವರಿಂದ ಹಿಡಿದು ನಿರ್ದೇಶಕರವರೆಗೆ. ಅದಕ್ಕೆ ಕಾರಣವಿದೆ. ಪರೀಕ್ಷೆ ಮಾಡುವಾಗ ನಮ್ಮದೇ ಒಂದು ಕೂದಲೋ ಸೀನಿದ ಹನಿಯೋ ಸ್ಯಾಂಪಲ್ಲಿಗೆ ಬಿದ್ದರೆ, ಇದು ನಮ್ಮವರದು ಎಂದು ಗುರುತಿಸಿ ಕಳೆದುಬಿಡಬೇಕಲ್ಲ. ಕಳೆಯುವುದಕ್ಕೆ ಮಾತ್ರ, ಬೇರೆ ಯಾವುದಕ್ಕೂ ಅಲ್ಲ ಎಂದು ಬರೆದುಕೊಟ್ಟಿದ್ದಾರೆ. ಇಷ್ಟು ವರ್ಷದಲ್ಲಿ ನನಗೇನಾದರೂ ತೊಂದರೆಯಾಯಿತೇ?

ನಿಮ್ಮ ಕಡೆಯ ಲ್ಯಾಬಿನ ಯಂತ್ರ ಕೆಟ್ಟು ಕೂತಿದೆ. ಆ ಕಡೆಯ ಪೊಲೀಸ್ ಕೇಸುಗಳ ಪೊಟ್ಟಣಗಳೂ ಈಗ ನಮ್ಮ ಮೇಜಿಗೇ ಬರುತ್ತಿವೆ. ತಲೆ ಎತ್ತಲು ಪುರುಸೊತ್ತಿಲ್ಲ.

ಇವತ್ತು ಹಳೆಯ ಪೆಟ್ಟಿಗೆ ತೆಗೆದಾಗ ನಿನ್ನ ಆಸ್ಪತ್ರೆಯ ಕಾಗದಗಳು ಸಿಕ್ಕವು. ನನ್ನ ಮೂಳೆಯಿಂದ ತೆಗೆದ ಮಜ್ಜೆಯನ್ನು ನಿನಗೆ ಹಾಕಿ ಗಾಜಿನ ಕೋಣೆಯಲ್ಲಿ ಕೂಡಿಹಾಕಿದ್ದರಲ್ಲ, ನಾನು ಹೊರಗಿನಿಂದ ದಿನಾ ಒಂದು ಕಾಗದ ಅಂಟಿಸುತ್ತಿದ್ದೆ. ‘ಹೇಗಿದ್ದೀಯ?’ ನೀನು ಒಳಗಿನಿಂದ ಹೆಬ್ಬೆರಳು ತೋರಿಸುತ್ತಿದ್ದೆ, ಮೇಲಕ್ಕೋ ಕೆಳಕ್ಕೋ. ಹದಿನೆಂಟರ ಹುಡುಗ, ಮೂವತ್ತು ಕಿಲೋ ಇದ್ದೆ. ಕೊನೆಗೆ ಗಾಜಿನ ಕೆಲಸಕ್ಕೇ ಸೇರಿಕೊಂಡೆ ನೋಡು, ಗಾಜಿನ ಮೇಲಿನ ಸಿಟ್ಟು ತೀರಿಸಿಕೊಳ್ಳಲು.

ಹೇಗಿದ್ದೀಯ?

ನಿನ್ನ ಅಕ್ಕ


ಫೆಬ್ರವರಿ 27

ಅಕ್ಕ,

ಹೆಬ್ಬೆರಳು ಮೇಲಕ್ಕೆ. ಅಕ್ಷರ ಸೊಟ್ಟಗಿದ್ದರೆ ಬೈಯಬೇಡ, ಬಸ್ಸಿನಲ್ಲಿ ಬರೆಯುತ್ತಿದ್ದೇನೆ. ಬೇರೆ ಊರಿನಲ್ಲಿ ದೊಡ್ಡ ಕೆಲಸ ಸಿಕ್ಕಿದೆ, ಇಡೀ ಕಟ್ಟಡಕ್ಕೆ ಗಾಜು. ಕೆಲವು ತಿಂಗಳಾದರೂ ಬೇಕು. ಕಾಗದವನ್ನು ಕಟ್ಟಿನ ಅಂಗಡಿಯವನಿಗೇ ಕಳಿಸು, ಅವನು ನನಗೆ ಮುಟ್ಟಿಸುತ್ತಾನೆ. ಇಲ್ಲಿ ಫೋನು ಸರಿಯಾಗಿ ಸಿಗುವುದಿಲ್ಲ.

ಹತ್ತಿಕಡ್ಡಿ ಕೊಟ್ಟಿಲ್ಲ. ನೀನು ಹೇಳಿದ್ದು ಸರಿಯೇ ಇರಬಹುದು. ಆದರೆ ನೀನೇ ಸಾಕ್ಷಿ ಹೇಳಿದ್ದೆಯಲ್ಲ, ಆ ಬಣ್ಣ ಬಳಿಯುವವನು, ಅವನ ನೆನಪಾಗುತ್ತಿದೆ. ಕಳ್ಳತನವಾದ ಅಂಗಡಿಯ ಬಾಗಿಲಲ್ಲಿ ಸಿಕ್ಕಿದ್ದು ಅವನ ರಕ್ತವೇ ಅಂತ ನೀನು ಹೇಳಿದೆ. ಅವನು ಅಲ್ಲವೆಂದು ಹೇಳಲೇ ಇಲ್ಲ. ಹಿಂದಿನ ವಾರ ಅಲ್ಲಿ ಬಣ್ಣ ಕೆರೆಯುವಾಗ ಕೈ ಕೊಯ್ದಿತ್ತು ಅಂದ. ಯಾರೂ ನಂಬಲಿಲ್ಲ. ನಮ್ಮಂಥವರು ಕೈ ಕೊಯ್ದುಕೊಳ್ಳದೆ ಇರುವ ಮನೆ ಯಾವುದು ಹೇಳು. ಅವನಿಗೆ ಎಷ್ಟು ವರ್ಷ ಹಾಕಿದರು?

ಸುಮ್ಮನೆ ಕೇಳಿದೆ. ನೀನು ಊಟ ಬಿಟ್ಟು ಯಂತ್ರದ ಮುಂದೆ ಕೂರಬೇಡ.

ಕಡ್ಡಿ


ಮಾರ್ಚ್ 20

ಕಡ್ಡಿ,

ಕೆಲವು ಪ್ರಶ್ನೆ ಕೇಳುತ್ತೇನೆ. ಯಾಕೆ ಅಂತ ಕೇಳಬೇಡ, ನೆಟ್ಟಗೆ ಉತ್ತರ ಕೊಡು.

ಫೆಬ್ರವರಿಯಲ್ಲಿ ನೀನು ಯಾವ ಯಾವ ಮನೆಗೆ ಕೆಲಸಕ್ಕೆ ಹೋಗಿದ್ದೆ? ನೀರಿನ ಟ್ಯಾಂಕಿನ ಹಿಂದಿನ ಬೀದಿಗೆ ಹೋಗಿದ್ದೆಯಾ? ಅಲ್ಲಿ ಮೂಲೆಯಲ್ಲಿ ಒಂದು ಎರಡಂತಸ್ತಿನ ಮನೆ ಇದೆಯಂತೆ, ಒಬ್ಬ ವಯಸ್ಸಾದ ಹೆಂಗಸು ಒಂಟಿಯಾಗಿರುವ ಮನೆ. ಅವರು ನಿನಗೆ ಗೊತ್ತಾ? ಇತ್ತೀಚೆಗೆ ಎಲ್ಲಾದರೂ ಕೈ ಕೊಯ್ದುಕೊಂಡಿದ್ದೆಯಾ, ರಕ್ತ ಬಂದಿತ್ತಾ? ನಿಜವಾಗಿ ಯಾವತ್ತು ಊರು ಬಿಟ್ಟೆ?

ನಿನ್ನ ಫೋನು ಆಫ್ ಆಗಿದೆ. ಬೇಗ ಬರಿ.

ಅಕ್ಕ


ಏಪ್ರಿಲ್ 1

ಅಕ್ಕ,

ನಿನಗೆ ಯಾರೋ ಏನೋ ಬರೆದಿದ್ದಾರೆ ಅಂತ ಕಾಗದ ಒಡೆದ ಕೂಡಲೇ ಗೊತ್ತಾಯಿತು. ಯಾರು ಅಂತಲೂ ಗೊತ್ತು. ವಯಸ್ಸಾದವರು, ಇಲ್ಲದ್ದನ್ನೆಲ್ಲ ಊಹಿಸಿಕೊಳ್ಳುತ್ತಾರೆ. ನಂಬಬೇಡ.

ಆ ಬೀದಿಗೆ ನಾನು ಹೋಗಿಲ್ಲ. ಆ ಮನೆ ಗೊತ್ತಿಲ್ಲ. ಕೈ ಕೊಯ್ದುಕೊಂಡಿಲ್ಲ. ಒಂದು ಹನಿ ರಕ್ತ ಬಂದಿಲ್ಲ. ಬಂದರೂ ನಮ್ಮ ಕೆಲಸದಲ್ಲಿ ಅದು ದೊಡ್ಡ ವಿಷಯವಲ್ಲ. ನೀನು ಇಷ್ಟು ದೂರದಿಂದ ನನ್ನ ಬೆರಳು ಎಣಿಸುತ್ತಾ ಕೂರಬೇಡ, ನಾನು ಚಿಕ್ಕ ಹುಡುಗನಲ್ಲ.

ಕೆಲಸ ಚೆನ್ನಾಗಿ ನಡೆಯುತ್ತಿದೆ.

ಕಡ್ಡಿ


ಏಪ್ರಿಲ್ 9

ಕಡ್ಡಿ,

ನಿನ್ನ ಕಾಗದವನ್ನು ಎಷ್ಟು ಸಲ ಓದಿದೆನೋ ಲೆಕ್ಕವಿಲ್ಲ. ನನಗೆ ಯಾರೂ ಏನೂ ಬರೆದಿಲ್ಲ. ಯಾರು ಬರೆಯಬಹುದೆಂದು ಹೆದರಿದ್ದೀಯ? ಮನೆಯೇ ಗೊತ್ತಿಲ್ಲದವನಿಗೆ ಅಲ್ಲಿಯವರು ಇಲ್ಲದ್ದನ್ನು ಊಹಿಸಿಕೊಳ್ಳುತ್ತಾರೆಂದು ಹೇಗೆ ಗೊತ್ತು?

ಮುಚ್ಚಿಟ್ಟು ಕೇಳಿದ್ದು ಸಾಕು, ಹೇಳಿಬಿಡುತ್ತೇನೆ. ಆ ಮನೆಯಲ್ಲಿ ಒಬ್ಬ ನಿವೃತ್ತ ಟೀಚರಮ್ಮ ಇದ್ದರು. ಫೆಬ್ರವರಿ ಹತ್ತೊಂಬತ್ತರಂದು ಯಾರೋ ಕಿಟಕಿಯಿಂದ ನುಗ್ಗಿ, ಕಪಾಟು ಜಾಲಾಡಿ, ಅಡ್ಡ ಬಂದ ಅವರನ್ನು ಮೆಟ್ಟಿಲಿನಿಂದ ತಳ್ಳಿದ್ದಾನೆ. ಅವರು ಸತ್ತರು. ಕಿಟಕಿಯ ಚೌಕಟ್ಟಿನ ಒಳಬದಿಯಲ್ಲಿ ರಕ್ತ ಸಿಕ್ಕಿತು. ಆ ಮರದ ತುಂಡು ನನ್ನ ಮೇಜಿಗೆ ಬಂತು. ಪರೀಕ್ಷೆ ಮಾಡಿದೆ. ಪರದೆಯ ಮೇಲೆ ಬಂದದ್ದು ನನ್ನ ಡಿಎನ್‌ಎ.

ಮೊದಲು ನಕ್ಕುಬಿಟ್ಟೆ, ನನ್ನದೇ ಎಂಜಲು ಬಿದ್ದಿರಬೇಕೆಂದು. ನಿರ್ದೇಶಕರೂ ಹಾಗೇ ಅಂದರು. ಪಕ್ಕದ ಮೇಜಿನವಳು ಬೇರೆ ಕೋಣೆಯಲ್ಲಿ, ನಾನು ಮುಟ್ಟದ ಇನ್ನೊಂದು ತುಂಡಿನಿಂದ ಮತ್ತೆ ಮಾಡಿದಳು. ಆಗಲೂ ನಾನೇ. ಆ ಬೀದಿಯನ್ನು ನಾನು ಜನ್ಮದಲ್ಲಿ ಕಂಡಿಲ್ಲ ಕಡ್ಡಿ. ನನ್ನ ರಕ್ತ ಈ ಭೂಮಿಯ ಮೇಲೆ ಇನ್ನೊಂದೇ ಒಂದು ಮೈಯಲ್ಲಿ ಓಡಾಡುತ್ತಿದೆ. ಮಜ್ಜೆ ಹಾಕಿದ ಮೇಲೆ ನಿನ್ನ ರಕ್ತ ಹೇಳುವುದು ನಿನ್ನ ಹೆಸರನ್ನಲ್ಲ, ನನ್ನದನ್ನು. ಇದು ಇಲ್ಲಿ ನನ್ನೊಬ್ಬಳಿಗೆ ಗೊತ್ತು.

ನಿರ್ದೇಶಕರು ನಿನ್ನೆ ಬಾಗಿಲು ಮುಚ್ಚಿ ಕೂರಿಸಿ ಹೇಳಿದರು, "ಕೈತಪ್ಪಾಯ್ತು ಅಂತ ಒಂದು ಸಾಲು ಬರ್ಕೊಟ್ಬಿಡಿ. ಸ್ಯಾಂಪಲ್ ತೆಗೆದು ಹಾಕ್ತೀವಿ. ಯಾರಿಗೂ ತೊಂದ್ರೆ ಇಲ್ಲ."

ಬರೆದುಕೊಟ್ಟರೆ ನೀನು ಬಚಾವು. ಸಹಿ ಹಾಕಲು ಎಷ್ಟು ಹೊತ್ತು? ಆದರೆ ನೀನು ಆ ಕೆಲಸ ಮಾಡಿದ್ದರೆ? ಮಾಡಿದ್ದರೆ ಒಬ್ಬ ಮುದುಕಿಯನ್ನು ತಳ್ಳಿದವನನ್ನು ನಾನು ನನ್ನ ಕೈಯಾರೆ ಒರೆಸಿಹಾಕಿದ ಹಾಗಾಗುತ್ತದೆ. ಮಾಡಿಲ್ಲದಿದ್ದರೆ ನೀನೇಕೆ ಸುಳ್ಳು ಹೇಳಿದೆ? ಕಟ್ಟಿನ ಅಂಗಡಿಯವನಿಗೆ ಫೋನ್ ಮಾಡಿದೆ. ನೀನು ಬ್ಯಾಗು ಹಿಡಿದು ಹೋದದ್ದು ಯಾವತ್ತು ಅಂದರೆ ತೊದಲಿದ. ಎಲ್ಲಿದ್ದಾನೆ ಅಂದರೆ, "ಹೇಳ್ಬಾರ್ದು ಅಂತ ಆಣೆ ಹಾಕ್ಸಿದಾನಮ್ಮಾ, ನನ್ನ ಕೇಳ್ಬೇಡಿ" ಅಂದ. ಕೆಲಸಕ್ಕೆ ಹೋದವನು ಆಣೆ ಹಾಕಿಸಿ ಹೋಗುತ್ತಾನಾ? ಹತ್ತಿಕಡ್ಡಿಗೂ ನೀನು ಒಪ್ಪಲಿಲ್ಲ.

ರಾತ್ರಿ ಕಣ್ಣು ಮುಚ್ಚಿದರೆ ನಿನ್ನ ಕೈ ಕಾಣುತ್ತದೆ. ಸಹಿಗೆ ಇಪ್ಪತ್ತೆರಡನೇ ತಾರೀಖಿನವರೆಗೆ ಗಡುವು ಕೇಳಿದ್ದೇನೆ. ಅಷ್ಟರೊಳಗೆ ಬರಿ. ಏನಾದರೂ ಬರಿ.

ಅಕ್ಕ


ಏಪ್ರಿಲ್ 24

ಕಡ್ಡಿ,

ನೀನು ಬರೆಯಲಿಲ್ಲ.

ನಾನು ಹೇಳಿಬಿಟ್ಟೆ. ಇಪ್ಪತ್ತೆರಡರಂದು ನಿರ್ದೇಶಕರ ಮುಂದೆ ಕೂತು, ಇದು ಕೈತಪ್ಪಲ್ಲ, ನನ್ನ ತಮ್ಮನಿಗೆ ನನ್ನ ಮಜ್ಜೆ ಹಾಕಿದ್ದಾರೆ, ಅವನು ಆ ಊರಿನಲ್ಲೇ ಇರುವವನು, ಗಾಜಿನ ಕೆಲಸದವನು ಅಂದೆ. ಅವರು ಎದ್ದು ಬಾಗಿಲು ಮುಚ್ಚಿದರು. "ಯೋಚ್ನೆ ಮಾಡಿ ಹೇಳಿ" ಅಂದರು. ಯೋಚನೆ ಮಾಡಿಯೇ ಹೇಳುತ್ತಿದ್ದೇನೆ ಅಂದೆ. ಪೊಲೀಸರು ಬಂದು ಬರೆದುಕೊಂಡು ಹೋದರು. ನಿನ್ನ ಹೆಸರು, ವಿಳಾಸ, ಮಜ್ಜೆ ಹಾಕಿದ ಆಸ್ಪತ್ರೆ, ಎಲ್ಲ ಕೊಟ್ಟೆ. ನಿನ್ನ ಫೋಟೋ ಕೇಳಿದರು. ಅದನ್ನೂ ಕೊಟ್ಟೆ.

ಇಷ್ಟು ವರ್ಷ ಬೇರೆಯವರ ಅಣ್ಣತಮ್ಮಂದಿರ ವಿಷಯದಲ್ಲಿ ಒಂದು ಕ್ಷಣವೂ ಹಿಂಜರಿಯದವಳು, ನನ್ನ ತಮ್ಮನ ಸರದಿ ಬಂದಾಗ ಬೆನ್ನು ತಿರುಗಿಸಿದರೆ ಆ ಮೇಜಿನ ಮುಂದೆ ಮತ್ತೆ ಹೇಗೆ ಕೂರಲಿ? ಹೀಗೆಂದು ನನಗೆ ನಾನೇ ಹೇಳಿಕೊಳ್ಳುತ್ತಿದ್ದೇನೆ. ಅಮ್ಮ ಇದ್ದಿದ್ದರೆ ನನ್ನನ್ನು ಮನೆಯೊಳಗೆ ಸೇರಿಸುತ್ತಿರಲಿಲ್ಲ.

ನೀನು ಎಲ್ಲಿದ್ದರೂ ಓಡಬೇಡ. ನಾನು ವಕೀಲರನ್ನು ನೋಡುತ್ತೇನೆ.

ಅಕ್ಕ


ಏಪ್ರಿಲ್ 26

ಅಕ್ಕ,

ನಿನ್ನ ಒಂಬತ್ತನೇ ತಾರೀಖಿನ ಕಾಗದ ಇವತ್ತು ಓದಿದೆ. ಬಂದು ಬಹಳ ದಿನವಾಗಿತ್ತಂತೆ. ಜ್ವರದಲ್ಲಿ ಎಚ್ಚರವಿರಲಿಲ್ಲ, ನರ್ಸಮ್ಮ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಇಟ್ಟಿದ್ದರು.

ಹೌದು, ಆಸ್ಪತ್ರೆ. ಗಾಜಿನ ಕಟ್ಟಡವೂ ಇಲ್ಲ, ಬಸ್ಸೂ ಇಲ್ಲ. ರಕ್ತದ ಆ ಹಳೆಯ ರೋಗ ತಿರುಗಿ ಬಂದಿದೆ ಅಕ್ಕ. ಫೆಬ್ರವರಿ ಹನ್ನೆರಡರಿಂದ ಇಲ್ಲೇ ಇದ್ದೇನೆ. ಅಕ್ಷರ ಸೊಟ್ಟಗಿದ್ದದ್ದು ಕೈಗೆ ಸೂಜಿ ಚುಚ್ಚಿದ್ದರಿಂದ.

ಟೀಚರಮ್ಮ ಸತ್ತರು ಅಂತ ನಿನ್ನ ಕಾಗದದಿಂದಲೇ ಗೊತ್ತಾಯಿತು. ಒಳ್ಳೆಯ ಹೆಂಗಸು. ಇಲ್ಲಿಗೆ ಬರುವ ಎರಡು ದಿನ ಮುಂಚೆ ಅವರ ಕಿಟಕಿಗೆ ಗಾಜು ಹಾಕಲು ಹೋಗಿದ್ದೆ. ಬೆರಳು ಸ್ವಲ್ಪ ಕೊಯ್ದಿತು, ದಿನಾ ಕೊಯ್ಯುವಷ್ಟೇ. ಆದರೆ ನಿಲ್ಲಲಿಲ್ಲ. ಬಟ್ಟೆ ಸುತ್ತಿದೆ, ನೆನೆಯಿತು. ಇನ್ನೊಂದು ಸುತ್ತಿದೆ, ಅದೂ ನೆನೆಯಿತು. ತಲೆ ತಿರುಗಿ ಅವರ ಮೆಟ್ಟಿಲ ಮೇಲೆ ಕೂತೆ. ಅವರು ಮಕ್ಕಳಿಗೆ ಪಾಠ ಒಪ್ಪಿಸಿಕೊಳ್ಳುವ ಹಾಗೆ ಒಂದೊಂದೇ ಕೇಳಿ ಎಲ್ಲ ಬಾಯಿ ಬಿಡಿಸಿದರು. ಹಳೆಯ ಕಾಯಿಲೆ, ನೀನು, ನಿನ್ನ ಮಜ್ಜೆ. ಆಮೇಲೆ, "ನಾಳೆನೇ ಆಸ್ಪತ್ರೆಗೆ ಹೋಗ್ಬೇಕು. ಇಲ್ದಿದ್ರೆ ನಾನೇ ನಿಮ್ಮ ಅಕ್ಕಂಗೆ ಬರೀತೀನಿ" ಅಂದರು. ವಿಳಾಸವನ್ನೂ ಬರೆಸಿಕೊಂಡರು. ನೀನು ಆ ಬೀದಿ, ಆ ಮನೆ, ರಕ್ತ ಅಂತ ಕೇಳಿದಾಗ ಅವರೇ ಬರೆದಿದ್ದಾರೆ ಅಂದುಕೊಂಡೆ. ನಿನ್ನಿಂದ ರೋಗ ಮುಚ್ಚಿಡಲು ಸುಳ್ಳು ಹೇಳಿದೆ. ನೀನು ಕೊಟ್ಟದ್ದನ್ನು ಉಳಿಸಿಕೊಳ್ಳಲು ಆಗಲಿಲ್ಲವಲ್ಲ ಅಂತ ನಾಚಿಕೆ. ಇನ್ನೊಮ್ಮೆ ಕೊಡುತ್ತೇನೆ ಅಂತ ನೀನು ಓಡಿ ಬರುತ್ತೀಯ ಅಂತಲೂ ಹೆದರಿಕೆ.

ಹತ್ತಿಕಡ್ಡಿ ಕೊಡದಿದ್ದಕ್ಕೂ ಕಾರಣ ಹೇಳಿರಲಿಲ್ಲ. ನನ್ನ ಕೆನ್ನೆ ನನ್ನದು, ರಕ್ತ ನಿನ್ನದು. ಅವರ ಭಂಡಾರದಲ್ಲಿ ನನ್ನ ಜೊತೆ ನಿನ್ನನ್ನೂ ಸೇರಿಸಿಬಿಡುತ್ತೇನೇನೋ ಅನ್ನಿಸಿತು. ನೀನು ಆಗಲೇ ಒಳಗಿದ್ದೆ ಅಂತ ನಿನ್ನ ಕಾಗದ ಬಂದ ಮೇಲೆ ತಿಳಿಯಿತು. ಕಾರ್ಡು ನೇತುಹಾಕಿದ ಕಟ್ಟಿನ ಅಂಗಡಿಯವನೇ ಜಾಣ, ನಾನು ಪೆದ್ದ.

ಒಂದು ಮಾತು ನಡೆಸಿಕೊಡು. ಮಜ್ಜೆಯ ವಿಷಯವನ್ನು ಯಾರಿಗೂ ಹೇಳಬೇಡ. ಸಹಿಯನ್ನೂ ಹಾಕಬೇಡ. ಜ್ವರ ಇಳಿದ ಕೂಡಲೇ ನಾನೇ ಪೊಲೀಸರಿಗೆ ಬರೆದು ಎಲ್ಲ ಹೇಳುತ್ತೇನೆ. ನನ್ನ ರಕ್ತದ ಕಥೆಯನ್ನು ನಾನೇ ಹೇಳಬೇಕು.

ಕಡ್ಡಿ


ಮೇ 2

ಕಡ್ಡಿ,

ನಿನ್ನ ಕಾಗದ ಕೈಗೆ ಬರುವಷ್ಟರಲ್ಲಿ ಎಲ್ಲ ಮುಗಿದಿತ್ತು. ನನ್ನ ಇಪ್ಪತ್ತನಾಲ್ಕರ ಕಾಗದ ನಿನಗೆ ಸಿಕ್ಕಿದೆಯೋ ಇಲ್ಲವೋ. ನಾನು ಹೇಳಿಬಿಟ್ಟಿದ್ದೇನೆ. ನೀನು ಬೇಡ ಅಂದದ್ದನ್ನು ನಾಲ್ಕು ದಿನ ಮೊದಲೇ ಮಾಡಿ ಮುಗಿಸಿದ್ದೇನೆ.

ನಿನ್ನ ಕಾಗದ ಓದಿ ನೇರವಾಗಿ ಲ್ಯಾಬಿಗೆ ಹೋಗಿ ಆ ಪರೀಕ್ಷೆಯ ಹಾಳೆಯನ್ನು ಮತ್ತೆ ತೆಗೆದೆ. ಡಿಎನ್‌ಎ ಅಂದರೆ ನಮಗೆ ಒಂದು ಸಾಲು ಗೋಪುರಗಳು. ಹಾಳೆಯ ಮೇಲೆ ಒಂದು ಗೆರೆ ಹಾಕಿರುತ್ತೇವೆ. ಗೆರೆಗಿಂತ ಎತ್ತರವಿದ್ದದ್ದನ್ನು ಮಾತ್ರ ಓದಬೇಕು, ಕೆಳಗಿನದೆಲ್ಲ ಗದ್ದಲ, ಲೆಕ್ಕಕ್ಕಿಲ್ಲ. ಅದು ನಿಯಮ. ಹೊಸಬರಿಗೆ ನಾನೇ ಪಾಠ ಹೇಳುತ್ತೇನೆ.

ಗೆರೆಯ ಕೆಳಗೆ, ನನ್ನ ಎತ್ತರದ ಗೋಪುರಗಳ ಪಕ್ಕ, ಇನ್ನೊಂದು ಸಾಲು ಗಿಡ್ಡನೆಯವು ಇದ್ದವು. ಮೊದಲ ದಿನವೇ ನೋಡಿದ್ದೆ. ಗಂಡಿನ ಗುರುತಿನ ಜಾಗದಲ್ಲೂ ಒಂದು ಚಿಕ್ಕದು. ನನ್ನ ಮಜ್ಜೆ ನಿನ್ನಲ್ಲಿ ಚೆನ್ನಾಗಿ ಕೂತಿದ್ದರೆ ಆ ರಕ್ತದಲ್ಲಿ ಅದು ಇರಲೇಬಾರದು. ಅದು ನಿನ್ನ ಹಳೆಯ ಮಜ್ಜೆ ಕಡ್ಡಿ, ಮತ್ತೆ ತಲೆ ಎತ್ತುತ್ತಿತ್ತು. ನಿನ್ನ ರೋಗ ತಿರುಗಿ ಬಂದಿದೆ ಅಂತ ಆ ಹಾಳೆ ಮಾರ್ಚಿನಲ್ಲೇ ನನಗೆ ಹೇಳಿತ್ತು. ನಾನು ಅದರಲ್ಲಿ ಕಳ್ಳನನ್ನು ಹುಡುಕುತ್ತಾ ಕೂತಿದ್ದೆ.

ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುತ್ತಾರೆ. ಯಾರದು ಅಂತ ನಾನು ಎರಡು ಸಲ ಪ್ರಮಾಣಿಸಿದೆ. ಯಾವಾಗಿನದು, ಹೇಗೆ ಬಂತು ಅಂತ ಯಂತ್ರ ಹೇಳುವುದಿಲ್ಲ. ಅದನ್ನು ಮನುಷ್ಯರನ್ನು ಕೇಳಬೇಕು. ನಾನು ನಿನ್ನನ್ನು ಪೊಲೀಸಿನವಳ ಹಾಗೆ ಕೇಳಿದೆ. ನನ್ನ ಮಾರ್ಚಿನ ಕಾಗದದ ನಕಲು ಇಲ್ಲಿದೆ. ಅಷ್ಟು ಪ್ರಶ್ನೆಗಳಲ್ಲಿ ‘ಹೇಗಿದ್ದೀಯ?’ ಅನ್ನುವುದೊಂದು ಇಲ್ಲ ಅಂತ ಈಗ ಕಾಣುತ್ತಿದೆ.

ಬಣ್ಣ ಬಳಿಯುವವನಿಗೆ ಒಂಬತ್ತು ವರ್ಷ. ಫೆಬ್ರವರಿಯಲ್ಲಿ ನೀನು ಕೇಳಿದ್ದಕ್ಕೆ ನಾನು ಉತ್ತರ ಕೊಟ್ಟಿರಲಿಲ್ಲ. ಆ ರಕ್ತ ಅವನದು ಎಂಬುದು ಬಿಟ್ಟರೆ ಇನ್ನೇನನ್ನೂ ನನ್ನ ಪರೀಕ್ಷೆ ಹೇಳುವುದಿಲ್ಲ ಅಂತ ಕೋರ್ಟಿಗೆ ಬರೆದು ಕಳಿಸಿದ್ದೇನೆ. ನಿರ್ದೇಶಕರು ಮಾತು ಬಿಟ್ಟಿದ್ದಾರೆ.

ನಿನ್ನ ಡಾಕ್ಟರ ಜೊತೆ ಮಾತಾಡಿದೆ. ಇನ್ನೊಮ್ಮೆ ನನ್ನಿಂದಲೇ ತೆಗೆದು ಹಾಕಿ ನೋಡಬಹುದಂತೆ. ರೋಗಿ ಒಪ್ಪಬೇಕು ಅಂದರು. ರಜೆ ಹಾಕಿದ್ದೇನೆ, ಬ್ಯಾಗು ಬಾಗಿಲ ಹತ್ತಿರವೇ ಇದೆ. ನೀನು ಬಾ ಅನ್ನದೆ ಹೊರಡಲು ನನಗೆ ಮುಖವಿಲ್ಲ.

ಅಕ್ಕ


ಮೇ 9

ಅಕ್ಕ,

ನಿನ್ನ ಎರಡೂ ಕಾಗದಕ್ಕಿಂತ ಮೊದಲು ಪೊಲೀಸರು ಬಂದರು. ಇಬ್ಬರು. ಮೂಗು ಬಾಯಿಗೆ ಬಟ್ಟೆ ಕಟ್ಟಿಕೊಂಡು ಗಾಜಿನ ಆಚೆ ನಿಂತು, ನೀನು ನಿಲ್ಲುತ್ತಿದ್ದ ಹಾಗೇ. ಫೆಬ್ರವರಿ ಹತ್ತೊಂಬತ್ತರಂದು ಎಲ್ಲಿದ್ದೆ ಅಂದರು. ಇದೇ ಮಂಚದ ಮೇಲೆ ಅಂದೆ. ನರ್ಸಮ್ಮ ದಾಖಲೆ ತೋರಿಸಿದರು. ನಿಮಗೆ ನನ್ನ ವಿಷಯ ಹೇಳಿದ್ದು ಯಾರು ಅಂತ ಕೇಳಿದೆ. ಹಿರಿಯವನು, "ನಿಮ್ಮ ಅಕ್ಕನೇ" ಅಂದ.

ಕೇಸಿನಿಂದ ನನ್ನನ್ನು ಬಿಟ್ಟಿದ್ದಾರೆ. ಆದರೂ ದಾಖಲೆಗೆ ಬೇಕಂತ ಕೆನ್ನೆಯಿಂದಲೂ ತೆಗೆದುಕೊಂಡರು, ರಕ್ತವನ್ನೂ ತೆಗೆದುಕೊಂಡರು. ಕೊನೆಗೂ ಕೊಟ್ಟೆ ನೋಡು, ಹಸಿರು ಕಾರ್ಡು ಮಾತ್ರ ಸಿಗಲಿಲ್ಲ. ಕೇಸು ಮುಗಿದ ಮೇಲೆ ಅಳಿಸುತ್ತೀರಾ ಅಂದರೆ, "ಒಳಗೆ ಹೋದದ್ದು ಹೊರಗೆ ಬಂದಿದ್ದು ನಾನಂತೂ ನೋಡಿಲ್ಲ" ಅಂದ. ಟೀಚರಮ್ಮನನ್ನು ತಳ್ಳಿದವನು ಇನ್ನೂ ಸಿಕ್ಕಿಲ್ಲ. ಅವನು ಕೈಗವಸು ಹಾಕಿದ್ದನಂತೆ.

ನಿನ್ನ ಮೇಲೆ ಸಿಟ್ಟಿದೆ. ಇಲ್ಲ ಅಂದರೆ ಸುಳ್ಳಾಗುತ್ತದೆ, ಸುಳ್ಳು ಹೇಳಿ ನನಗೆ ಸಾಕಾಗಿದೆ. ನೀನು ನನ್ನನ್ನು ಪೊಲೀಸರಿಗೆ ಹಿಡಿದುಕೊಟ್ಟದ್ದಕ್ಕಲ್ಲ. ಗೊತ್ತಿಲ್ಲದೆ ಕೊಟ್ಟೆ, ನಾನೇ ಗೊತ್ತುಮಾಡಲಿಲ್ಲ. ಆದರೆ ನಾನು ಒಬ್ಬ ಮುದುಕಿಯನ್ನು ಮೆಟ್ಟಿಲಿನಿಂದ ತಳ್ಳಬಲ್ಲೆ ಅಂತ ನೀನು ಅಷ್ಟು ದಿನ ನಂಬಿದ್ದೆಯಲ್ಲ, ಅದು ಮೂಳೆಯಲ್ಲಿ ಕೂತಿದೆ. ಆ ಮೂಳೆಯೊಳಗಿನ ಮಜ್ಜೆ ನಿನ್ನದೇ, ಅದೇ ತಮಾಷೆ.

ಅಕ್ಕನ ಮಜ್ಜೆ ಮತ್ತೆ ತೆಗೆದುಕೊಳ್ಳುತ್ತೀಯಾ ಅಂತ ಡಾಕ್ಟರು ಕೇಳಿದರು. ಮೊದಲ ದಿನ ಉತ್ತರ ಕೊಡಲಿಲ್ಲ. ಮರುದಿನವೂ ಕೊಡಲಿಲ್ಲ. ಇವತ್ತು ಬೆಳಿಗ್ಗೆ ಹೂಂ ಅಂದೆ. ಬದುಕಬೇಕು ಅನ್ನಿಸುತ್ತಿದೆ, ಭಯವೂ ಆಗುತ್ತಿದೆ.

ಬಾ. ಬಂದವಳೇ ಗಾಜಿನ ಮೇಲೆ ಕಾಗದ ಅಂಟಿಸು. ಎಲ್ಲಿದ್ದೆ, ಯಾವಾಗ, ಯಾಕೆ ಅಂತ ಬರೆಯಬೇಡ. ಹಳೆಯದನ್ನೇ ಬರಿ, ಆ ಒಂದೇ ಮಾತು. ಹೆಬ್ಬೆರಳನ್ನು ಯಾವ ಕಡೆ ತೋರಿಸಬೇಕು ಅಂತ ನಾನಿನ್ನೂ ತೀರ್ಮಾನ ಮಾಡಿಲ್ಲ.

ಕಡ್ಡಿ